ಬಿಸಿನೀರನ್ನೂ ಪತ್ರದಲ್ಲಿ ಬರೆಯುವ ಮಂಜುನಾಥಪ್ಪ

ಬೆಳಕು ಈಗಷ್ಟೇ ಹರಿಯುತ್ತಿದೆ. ರಿಪ್ಪನ್‌ಪೇಟೆಯ ಬಸ್ ನಿಲ್ದಾಣದಿಂದ ಒಂದು ಮೈಲಿ ಒಳಕ್ಕೆ, ಕೊಯ್ಲು ಮುಗಿದ ಗದ್ದೆಯ ಅಂಚಿನಲ್ಲಿ ಚಿಕ್ಕದೊಂದು ಹೆಂಚಿನ ಮನೆ. ಒಳಕೋಣೆಯ ಹಗ್ಗದ ಮಂಚದ ಮೇಲೆ ಎಪ್ಪತ್ತು ದಾಟಿದ ಗುತ್ಯಮ್ಮ ದಿಂಬಿಗೆ ಒರಗಿದ್ದಾರೆ. ಮಂಚದ ಪಕ್ಕ ಮಣೆ ಹಾಕಿಕೊಂಡು ಕುಳಿತವರು ಹೊಸನಗರದ ಪತ್ರ ಬರಹಗಾರ ಮಂಜುನಾಥಪ್ಪ. ಕರಿ ಕೋಟು, ಬಿಳಿ ಪಂಚೆ, ಚಳಿಗೆ ಕಿವಿ ಮುಚ್ಚಿ ಕಟ್ಟಿದ ಮಫ್ಲರು. ತೊಡೆಯ ಮೇಲೆ ಚರ್ಮದ ಚೀಲವಿದೆ, ಅದರ ಬಾಯಿ ಇನ್ನೂ ಬಿಚ್ಚಿಲ್ಲ.

"ಅಮ್ಮಾ, ಹಾಲು ಕೊಡೋ ಎಮ್ಮೆ ಮಾರಿಬಿಟ್ರಂತೆ, ಹೌದಾ?" ಎಂದು ಅವರು ಕೇಳುತ್ತಾರೆ.

ಗುತ್ಯಮ್ಮನ ಹುಬ್ಬು ಗಂಟಿಕ್ಕುತ್ತದೆ. ಲಕ್ವ ಹೊಡೆದಾಗಿನಿಂದ ಅವರ ಮಾತು ತೊದಲು, ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು ಮಾತಾಡಿದ ಹಾಗೆ. ಆದರೂ ಬಲಗೈಯನ್ನು ಕೊಟ್ಟಿಗೆಯ ಕಡೆ ಚಾಚಿ, "ಯಾವನ್... ಅಂದಿದ್ದು? ಅಲ್ಲೇ ಐತಲ್ಲ!" ಎಂದು ಗದರುತ್ತಾರೆ. ಗದರಿಸಿಕೊಂಡ ಮಂಜುನಾಥಪ್ಪನವರ ಮುಖ ಅರಳುತ್ತದೆ. ಅವರು ಇಷ್ಟು ದೂರ ನಡೆದು ಬಂದದ್ದೇ ಈ ಬೈಗುಳಕ್ಕಾಗಿ.

ಮುದುಕರ ಮುಂದೆ ಕೂತಾಗ ಅವರು ಮೊದಲು ಕೇಳುವುದು ಬೇಕೆಂದೇ ತಪ್ಪಾದ ಪ್ರಶ್ನೆ. "ನೋಡಿ, ವಯಸ್ಸಾದೋರು ಕೇಳಿದ್ದಕ್ಕೆಲ್ಲ ಹೂಂ ಅಂತಾರೆ. ಅದು ಒಪ್ಪಿಗೆ ಅಂತ ತಿಳ್ಕಂಡ್ರೆ ಕೆಟ್ವಿ. ಅದು ಸುಸ್ತು, ಇಲ್ಲಾ ದಾಕ್ಷಿಣ್ಯ. ನಂಗೆ ಮೊದ್ಲು ಒಂದು ಊಹೂಂ ಬೇಕು. ಊಹೂಂ ಅನ್ನಕ್ಕೆ ಬಂದೋರ ಹೂಂ ಮಾತ್ರ ನಾನು ಬರೆಯದು," ಎನ್ನುತ್ತಾರೆ. ಎಮ್ಮೆ ಮಾರಿದ್ದೀರಿ ಎಂದರೂ ಹೂಂ, ಮನೆ ಸುಟ್ಟುಹೋಯಿತು ಎಂದರೂ ಹೂಂ ಎನ್ನುವವರ ಮನೆಯಿಂದ ಅವರು ಚೀಲ ಬಿಚ್ಚದೆ ಎದ್ದು ಬರುತ್ತಾರೆ. ಇನ್ನೊಂದು ದಿನ ಹೋಗುತ್ತಾರೆ. ಮಕ್ಕಳು, ಮೊಮ್ಮಕ್ಕಳು ಹಿಂದಿನಿಂದ ಎಷ್ಟು ಗೊಣಗಿದರೂ ಆ ಬೆನ್ನು ತಿರುಗುವುದಿಲ್ಲ.

"ಸರಿ ಅಮ್ಮಾ. ಈ ಮನೆ, ಗದ್ದೆ ನಿಮ್ಮ ನಂತರ ಧರ್ಮಪ್ಪಂಗೆ ಹೋಗ್ಲಿ ಅಂತ ಬರೀಲಾ?"

"ಊಹೂಂ."

"ಮತ್ತೆ ಯಾರಿಗೆ?"

"ಬೆಳ್ಳಿಗೆ," ಎನ್ನುತ್ತಾರೆ ಗುತ್ಯಮ್ಮ. ಈ ಒಂದು ಮಾತು ಮಾತ್ರ ತೊದಲದೆ ಬರುತ್ತದೆ. ಮಂಜುನಾಥಪ್ಪ ಈಗ ಚೀಲದ ಬಾಯಿ ಬಿಚ್ಚುತ್ತಾರೆ.

ಬೆಳ್ಳಿ ಎಂದರೆ ಬೆಳ್ಳಮ್ಮ, ಗುತ್ಯಮ್ಮನ ಅಕ್ಕನ ಮಗಳು. ಗಂಡ ಬಿಟ್ಟುಹೋದ ಮೇಲೆ ಆನಂದಪುರದ ಹತ್ತಿರದ ತವರಿನಲ್ಲಿ ಅತ್ತಿಗೆಯರ ಕಣ್ಣಿಗೆ ಭಾರವಾಗಿದ್ದವರು. ಚಿಕ್ಕಮ್ಮನಿಗೆ ಲಕ್ವ ಹೊಡೆದ ಸುದ್ದಿ ಕೇಳಿ ಒಂದು ಗಂಟು ಬಟ್ಟೆಯೊಂದಿಗೆ ಬಂದರು, ಹಿಂದಿರುಗಲಿಲ್ಲ. ಗುತ್ಯಮ್ಮನನ್ನು ಎತ್ತಿ ಕೂರಿಸುವುದು, ಮೀಯಿಸುವುದು, ಗಂಜಿ ತಿನ್ನಿಸುವುದು, ಮಲ ಮೂತ್ರ ನೋಡುವುದು, ನಡುವೆ ಎಮ್ಮೆ ಕರೆದು ಹಾಲು ಕೊಟ್ಟು ಬರುವುದು, ಎಲ್ಲವೂ ಅವರದೇ. ಗುತ್ಯಮ್ಮನ ಗಂಡ ಶೇಷಪ್ಪ ಗೇಣಿದಾರನಾಗಿದ್ದುಕೊಂಡೇ ಕೂಡಿಟ್ಟು ಕೊಂಡ ಸ್ವಂತ ಗದ್ದೆ, ಸ್ವಂತ ಕೈಯಿಂದ ಎಬ್ಬಿಸಿದ ಮನೆ ಇದು. ಮಕ್ಕಳಿಲ್ಲ. ಹನ್ನೊಂದು ವರ್ಷದ ಹಿಂದೆ, ಐವತ್ತಾರರಲ್ಲಿ, ಬಂದ ಹಿಂದೂ ವಾರಸಾ ಕಾನೂನಿನಂತೆ ಗಂಡನ ನಂತರ ಗುತ್ಯಮ್ಮನೇ ಇದಕ್ಕೆಲ್ಲ ಪೂರ್ಣ ಒಡತಿ. ಆದರೆ ಅವರು ಏನೂ ಬರೆದಿಡದೆ ಕಣ್ಣು ಮುಚ್ಚಿದರೆ ಆಸ್ತಿ ಗಂಡನ ಕಡೆಯವರಿಗೆ, ಅಂದರೆ ಮೈದುನನ ಮಗ ಧರ್ಮಪ್ಪನಿಗೆ ಹೋಗುತ್ತದೆ. ಬೆಳ್ಳಮ್ಮ ಮತ್ತೆ ಬಟ್ಟೆಯ ಗಂಟು ಕಟ್ಟಬೇಕಾಗುತ್ತದೆ. ಹೋದ ತಿಂಗಳು ಗುತ್ಯಮ್ಮನಿಗೆ ಇನ್ನೊಂದು ಸಣ್ಣ ಏಟು ತಗುಲಿದೆ. ಮೂರನೆಯದನ್ನು ಈ ಜೀವ ತಡೆಯುವುದಿಲ್ಲವೆಂದು ಡಾಕ್ಟರು ಹೇಳಿ ಹೋಗಿದ್ದಾರೆ.

ಆದ್ದರಿಂದಲೇ ಇಂದು ಹೊಸನಗರದಿಂದ ಸಬ್ ರಿಜಿಸ್ಟ್ರಾರ್ ಈ ಮನೆಗೇ ಬರುವವರಿದ್ದಾರೆ. ಕಚೇರಿಗೆ ಬರಲಾಗದ ಕಾಯಿಲೆಯವರ ಮನೆಗೆ ಅಧಿಕಾರಿಯೇ ಹೋಗಿ ಪತ್ರ ನೋಂದಾಯಿಸಬಹುದೆಂದು ಕಾನೂನಿನಲ್ಲಿದೆ. ಇದು ಗೊತ್ತಿಲ್ಲದೆ ಜನ ಮುದುಕರನ್ನು ಕಂಬಳಿ ಜೋಲಿಯಲ್ಲಿ ಹೊತ್ತುಕೊಂಡು ಕಚೇರಿಯ ಮೆಟ್ಟಿಲವರೆಗೆ ಬರುತ್ತಿದ್ದರು. ಜೋಲಿಯೊಳಗೇ ಪ್ರಾಣ ಬಿಟ್ಟವರೂ ಉಂಟು. ಈಗ ಅಂಥವರ ಪರವಾಗಿ ಅರ್ಜಿ ಬರೆದು, ಅಧಿಕಾರಿಯನ್ನು ಬಸ್ಸು ಹತ್ತಿಸಿ ಕರೆತರುವ ಕೆಲಸವನ್ನು ಮಂಜುನಾಥಪ್ಪ ತಮ್ಮ ಮೈಮೇಲೆ ಹಾಕಿಕೊಂಡಿದ್ದಾರೆ.

ಮಂಜುನಾಥಪ್ಪ ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಲೋಯರ್ ಸೆಕೆಂಡರಿ ಮುಗಿಸಿ, ಸಾಗರದ ವಕೀಲರೊಬ್ಬರ ಬಳಿ ಗುಮಾಸ್ತರಾಗಿ ಸೇರಿದರು. ಅಕ್ಷರ ದುಂಡಗಿತ್ತು, ತಾಳ್ಮೆಯೂ ಇತ್ತು. ಹೊಸನಗರದ ರಿಜಿಸ್ಟ್ರಾರ್ ಕಚೇರಿಯ ಎದುರಿನ ಜಗಲಿಯಲ್ಲಿ ಸ್ವಂತ ಮೇಜು ಹಾಕಿ ಮೂವತ್ತು ವರ್ಷವಾಗುತ್ತ ಬಂತು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಎಲ್ಲ ಬರೆಯುತ್ತಾರೆ, ಹೊಟ್ಟೆ ತುಂಬುವುದು ಅದರಿಂದ. ಪ್ರತಿ ಪತ್ರದ ಕೊನೆಗೆ 'ಬಿಕ್ಕಲಂ ಮಂಜುನಾಥಪ್ಪ' ಎಂದು, ಬರೆದವರು ತಾವೆಂಬುದಕ್ಕೆ, ಸಹಿ ಹಾಕುತ್ತಾರೆ. ಊರಿನ ಜನ ಆ ಸಾಲನ್ನು ಓದುವುದೇ ಇಲ್ಲ. ಅವರ ಪಾಲಿಗೆ ಇವರು ಬೇರೆಯೇ ಹೆಸರಿನವರು, ಬಿಸಿನೀರಿನ ಮಂಜುನಾಥಪ್ಪ.

ಆ ಹೆಸರು ಬಂದ ಕಥೆ ನಗುವಂಥದ್ದಲ್ಲ. ಜಗಲಿಗೆ ಬಂದು ಕೂತ ಹೊಸದರಲ್ಲಿ ವಯಸ್ಸಾದ ಯಜಮಾನರೊಬ್ಬರು ಮಗನ ಮೇಲಿನ ಪ್ರೀತಿಗೆ ಇದ್ದುದನ್ನೆಲ್ಲ ದಾನಪತ್ರ ಮಾಡಿಸಿದರು. ದಾನ ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಆರು ತಿಂಗಳೊಳಗೆ ಯಜಮಾನರ ಮಂಚ ನಡುಮನೆಯಿಂದ ಜಗಲಿಗೆ ಬಂತು, ಜಗಲಿಯಿಂದ ಕೊಟ್ಟಿಗೆಯ ಮಾಡಿನ ಕೆಳಗೆ ಹೋಯಿತು. ಅವರು ಕೋಲೂರಿಕೊಂಡು ಬಂದು ಮಂಜುನಾಥಪ್ಪನವರ ಎದುರು ನಿಂತು ಹೇಳಿದ್ದು ಒಂದೇ ಮಾತು, "ಅನ್ನ ಹಾಕ್ತಾರೆ ಮಾರಾಯ, ಮೀಯಕ್ಕೆ ಬಿಸಿನೀರು ಕೊಡದಿಲ್ಲ." ಜೀವನವೆಲ್ಲ ಹಂಡೆಯ ಬಿಸಿನೀರಿನಲ್ಲಿ ಮಿಂದ ಮಲೆನಾಡಿನ ಮುದುಕನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

ಅಂದಿನಿಂದ ಮಂಜುನಾಥಪ್ಪ ಬರೆಯುವ ಪತ್ರಗಳ ಧಾಟಿ ಬದಲಾಯಿತು. 'ಜೀವನಾಂಶ ಕೊಡತಕ್ಕದ್ದು' ಎಂಬ ಒಂದು ಸಾಲಿನಿಂದ ಅವರಿಗೆ ಸಮಾಧಾನವಿಲ್ಲ. ಯಾವ ಕೋಣೆ, ಯಾವ ಕಿಟಕಿಯ ಕೆಳಗೆ ಮಂಚ, ರಾತ್ರಿ ದೀಪ, ಹೊದೆಯಲು ಕಂಬಳಿ, ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆ, ಕೊನೆಗೆ ದಿನವೂ ಮೀಯಲು ಬಿಸಿನೀರು, ಎಲ್ಲವನ್ನೂ ಬಿಡಿಸಿ ಬರೆಯುತ್ತಾರೆ. ಕಕ್ಷಿದಾರರ ಮಕ್ಕಳು ಇದನ್ನೆಲ್ಲ ಓದಿಸಿ ಕೇಳಿ, ಮುಸಿಮುಸಿ ನಗುತ್ತಾರೆ. "ನಗ್ಲಿ ಬಿಡಿ. ನಕ್ಕೊಂಡೇ ರುಜು ಹಾಕ್ತಾರೆ. ನಾಳೆ ನೀರು ಕಾಯಿಸ್ದೇ ಇದ್ರೆ ಅದೇ ರುಜು ತೋರಿಸ್ಬಹುದಲ್ಲ," ಎನ್ನುತ್ತಾರೆ ಅವರು.

ಆದಷ್ಟು ಮಟ್ಟಿಗೆ ದಾನಪತ್ರ ಬೇಡ, ಉಯಿಲು ಸಾಕು ಎಂಬುದು ಅವರ ಹಟ. ಉಯಿಲಾದರೆ ಬದುಕಿರುವವರೆಗೆ ಆಸ್ತಿ ತಮ್ಮ ಕೈಯಲ್ಲೇ ಇರುತ್ತದೆ, ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ತಿರುಗಿ ಬರೆಯಬಹುದು. ಜನರಿಗೆ ಮಾತ್ರ ಆ ಶಬ್ದವೇ ಭಯ. ಉಯಿಲು ಎಂದ ಕೂಡಲೇ ಯಮನಿಗೆ ಓಲೆ ಕಳಿಸಿದಂತೆ ಬೆಚ್ಚುತ್ತಾರೆ. ಹುಲಿಕಲ್ಲಿನ ಅಜ್ಜರೊಬ್ಬರು ಇವರನ್ನು ಕಂಡು ಹಿತ್ತಿಲ ಬಾಗಿಲಿನಿಂದ ಕಾಡಿಗೆ ಓಡಿದ್ದರಂತೆ. "ಓಡಿದ್ದು ನೋಡಿ ನಂಗೆ ಸಂತೋಷನೇ ಆತು. ಇಷ್ಟು ಗಟ್ಟಿ ಇದಾರಲ್ಲ, ಇನ್ನೂ ಹತ್ತು ವರ್ಷ ಉಯಿಲು ಬೇಕಾಗದಿಲ್ಲ ಅಂದ್ಕಂಡೆ," ಎಂದು ನಗುತ್ತಾರೆ. ಆದರೂ ಮಾರನೆಯ ವರ್ಷ ಮತ್ತೆ ಘಟ್ಟದ ತುದಿಯವರೆಗೆ ಹೋಗಿ, ಬರೆಸಿಕೊಂಡೇ ಬಂದರು.

ಇಂಥ ಕೆಲಸಕ್ಕೆ ಅವರು ಬೆಳಗಿನ ಜಾವವನ್ನೇ ಆರಿಸಿಕೊಳ್ಳುತ್ತಾರೆ. ಆಗ ಮುದುಕರ ತಲೆ ತಿಳಿಯಾಗಿರುತ್ತದೆ, ನೆಂಟರಿಷ್ಟರು ಇನ್ನೂ ಎದ್ದಿರುವುದಿಲ್ಲ. ಹಿಂದಿನ ಸಂಜೆಯೇ ಬಸ್ಸಿಳಿದು ಪರಿಚಯದವರ ಅಂಗಡಿಯಲ್ಲಿ ಮಲಗಿ, ನಕ್ಷತ್ರ ಇರುವಾಗಲೇ ಗದ್ದೆಯಂಚಿನಲ್ಲಿ ನಡೆಯುತ್ತಾರೆ. ಮಂಡಿ ನೋವಿದೆ. ಹೆಂಡತಿ ಯಮುನಮ್ಮನವರಿಗೆ ಇದೆಲ್ಲ ಸ್ವಲ್ಪವೂ ಇಷ್ಟವಿಲ್ಲ. "ಊರ ಮುದುಕರಿಗೆಲ್ಲ ಬಿಸಿನೀರು ಕೊಡಿಸ್ತಾರೆ. ತಾವು ಮಾತ್ರ ಮಂಜಲ್ಲಿ ನೆನಕಂಡು ಮನೆಗೆ ಬರ್ತಾರೆ," ಎಂದು ದೂರುತ್ತಲೇ ಮಂಡಿಗೆ ಹಚ್ಚುವ ಎಣ್ಣೆ ಕಾಯಿಸುತ್ತಾರೆ.

ಗುತ್ಯಮ್ಮನ ಮನೆಗೆ ಅವರು ಒಂದು ತಿಂಗಳಿನಿಂದ ಆಗಾಗ ಹೀಗೇ ನಸುಕಿನಲ್ಲಿ ಬಂದು ಹೋಗುತ್ತಿದ್ದಾರೆ. ಕಾರಣವಿದೆ. ಗುತ್ಯಮ್ಮನ ತೊದಲು ಮಾತು ಬೆಳ್ಳಮ್ಮನೊಬ್ಬರಿಗೇ ಅರ್ಥವಾಗುತ್ತಿತ್ತು. ಆಸ್ತಿ ಪಡೆಯುವವರೇ ಬರೆಸುವವರ ಬಾಯಿಯೂ ಆದರೆ ಯಾವ ನ್ಯಾಯಾಧೀಶರು ನಂಬುತ್ತಾರೆ? ಆದ್ದರಿಂದ ಮಂಜುನಾಥಪ್ಪ ತಾವೇ ಬಂದು ಕೂತು, ಎಮ್ಮೆ, ಗದ್ದೆ, ಸತ್ತ ಗಂಡ, ತವರಿನ ಬಾವಿ ಎಂದು ಮಾತಾಡಿಸಿ ಆ ತೊದಲಿಗೆ ಕಿವಿ ಹದ ಮಾಡಿಕೊಂಡರು. ಸಾಕ್ಷಿ ಹಾಕಬೇಕಾದ ಇಬ್ಬರನ್ನೂ, ರಿಪ್ಪನ್‌ಪೇಟೆಯ ಅಂಗಡಿಯ ಹೂವಯ್ಯ ಮತ್ತು ನೆರೆಮನೆಯ ಕನ್ನಪ್ಪ, ಕರೆದು ಕೂರಿಸಿ ಕೇಳಿಸಿದರು. ಪ್ರತಿ ಸಲವೂ ಬೆಳ್ಳಮ್ಮನನ್ನು ಕೊಟ್ಟಿಗೆಗೆ ಕಳಿಸಿದರು. ಬೆಳ್ಳಮ್ಮ ಮೊದಲ ದಿನ ಮುಖ ಊದಿಸಿಕೊಂಡಿದ್ದರು. "ನನ್ನ ನಂಬದಿಲ್ವಾ ನೀವು?" ಎಂದು ಕೇಳಿಯೂ ಬಿಟ್ಟರು.

"ನಾನು ನಂಬ್ತೀನಿ ತಾಯಿ. ನಾಳೆ ನಂಬ್ದೇ ಇರೋರು ಬರ್ತಾರಲ್ಲ, ಅವ್ರಿಗೋಸ್ಕರ ನೀವು ಕೊಟ್ಟಿಗೇಲಿರಿ," ಎಂದು ಮಂಜುನಾಥಪ್ಪ ಸಮಾಧಾನ ಮಾಡಿದರು. ನೋಡಿಕೊಳ್ಳುವವರ ಬಗ್ಗೆ ಮಾತು ಬಂದರೆ ಅವರ ದನಿ ಗಡುಸಾಗುತ್ತದೆ. "ಮಲಗಿದೋರಿಗೆ ಅನ್ನ, ನೀರು ಬೇಕು ಅಂತ ಎಲ್ರೂ ಹೇಳ್ತಾರೆ. ಕೊಡೋ ಕೈಗೆ ಒಂದು ಸೂರು ಬೇಕು ಅಂತ ಯಾರೂ ಹೇಳದಿಲ್ಲ. ಮಲಗಿದೋರು ಹೋದ ಹದಿನಾಲ್ಕನೇ ದಿನಕ್ಕೆ ನೋಡ್ಕಂಡೋರ್ನ ಹೊರಗೆ ಹಾಕ್ತಾರೆ. ನಾನು ಕಣ್ಣಾರೆ ನೋಡಿದೀನಿ."

ಸಬ್ ರಿಜಿಸ್ಟ್ರಾರ್ ಬೆಳಿಗ್ಗೆಯ ಬಸ್ಸಿಗೇ ಬರಬೇಕಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವರು ಜವಾನನೊಂದಿಗೆ ಅಂಗಳಕ್ಕೆ ಕಾಲಿಡುವಾಗ ಬಿಸಿಲು ನೆತ್ತಿಗೇರಿದೆ. ಸಾಕ್ಷಿಗಳಿಬ್ಬರೂ ಒಳಗೆ ಕಾದಿದ್ದಾರೆ, ಬೆಳ್ಳಮ್ಮ ಎಂದಿನಂತೆ ಕೊಟ್ಟಿಗೆಯಲ್ಲಿದ್ದಾರೆ. ಅಧಿಕಾರಿಯ ಹಿಂದೆಯೇ ಧರ್ಮಪ್ಪನೂ ಬಂದಿದ್ದಾರೆ. ನಲವತ್ತರ ಗಟ್ಟಿ ಆಳು, ಪಕ್ಕದ ಗದ್ದೆಯ ಸಾಗುವಳಿದಾರ. ಇವರನ್ನು ದುಷ್ಟರೆನ್ನಲು ಬರುವುದಿಲ್ಲ. ದೊಡ್ಡಪ್ಪ ಶೇಷಪ್ಪನ ಜೊತೆ ಎಳೆಯ ವಯಸ್ಸಿನಲ್ಲಿ ಇದೇ ಗದ್ದೆಗೆ ಮಣ್ಣು ಹೊತ್ತವರು, ಆದ್ದರಿಂದ ಇದು ತಮ್ಮ ಮನೆತನದ್ದೇ ಎಂದು ತಿಳಿದವರು. ಬೆಳ್ಳಮ್ಮ ಮುದುಕಿಯ ತಲೆ ಕೆಡಿಸಿದ್ದಾಳೆಂಬುದು ಅವರ ದೂರು. "ದೊಡ್ಡಮ್ಮಂಗೆ ಕೈಯೂ ಬರದಿಲ್ಲ, ಬಾಯೂ ಬರದಿಲ್ಲ ಸ್ವಾಮಿ. ಮತ್ತೆ ಉಯಿಲು ಬರೆಸ್ತಿರೋದು ಯಾರು?" ಎಂದು ಅವರು ಅಧಿಕಾರಿಯನ್ನು ಕೇಳುತ್ತಾರೆ. ಅಧಿಕಾರಿ ಅವರನ್ನು ಕೋಣೆಯ ಹೊಸ್ತಿಲ ಬಳಿ ಕೂರಿಸುತ್ತಾರೆ. ನೋಡಬಹುದು, ನಡುವೆ ಬಾಯಿ ಹಾಕಬಾರದು.

ಉಯಿಲನ್ನು ಗಟ್ಟಿಯಾಗಿ ಓದಿಸಿ, ಒಂದೊಂದು ಅಂಶಕ್ಕೂ ಅಧಿಕಾರಿ ಗುತ್ಯಮ್ಮನನ್ನು ಕೇಳುತ್ತಾರೆ. ಅವರೂ ಪಳಗಿದವರೇ, ನಡುವೆ ಒಂದು ತಪ್ಪು ಪ್ರಶ್ನೆ ಎಸೆಯುತ್ತಾರೆ. ಗುತ್ಯಮ್ಮ ಅವರನ್ನೂ ಗದರುತ್ತಾರೆ. ಎಲ್ಲ ಸುಸೂತ್ರವಾಗಿ ಸಾಗಿ, ಹೆಬ್ಬೆಟ್ಟು ಒತ್ತುವ ಹೊತ್ತು ಬರುತ್ತದೆ. ಜವಾನ ಶಾಯಿಯ ಪೆಟ್ಟಿಗೆ ತೆರೆದು ಮಂಚದ ಪಕ್ಕ ಇಡುತ್ತಾನೆ.

ಒತ್ತಬೇಕಾದದ್ದು ಎಡಗೈ ಹೆಬ್ಬೆರಳು. ಬಲಗೈಯದು ಉಪಯೋಗಕ್ಕೆ ಬರುವುದಿಲ್ಲ. ಗುತ್ಯಮ್ಮ ಚಿಕ್ಕವರಿದ್ದಾಗ ಒರಳಿಗೆ ಭತ್ತ ತಳ್ಳುವಾಗ ಒನಕೆಯ ಏಟಿಗೆ ಸಿಕ್ಕಿ ಆ ಬೆರಳ ತುದಿ ಜಜ್ಜಿಹೋಗಿದೆ, ಅದರಲ್ಲಿ ಗೆರೆಯೇ ಉಳಿದಿಲ್ಲ. ಎಡಗೈ ಲಕ್ವ ಹೊಡೆದ ಕೈ. ಇದನ್ನೆಲ್ಲ ಮಂಜುನಾಥಪ್ಪ ಮೊದಲೇ ಲೆಕ್ಕ ಹಾಕಿದ್ದರು. ಬಂದಾಗಲೆಲ್ಲ ಆ ಕೈ ಹೊದಿಕೆಯ ಮೇಲೆ ಅಂಗೈ ಬಿಚ್ಚಿಕೊಂಡು ಮೆತ್ತಗೆ ಬಿದ್ದಿರುತ್ತಿತ್ತು. ಜವಾನ ಅದರಡಿಗೆ ಕಾಗದ ಹಿಡಿದರಾಯಿತು ಎಂದುಕೊಂಡಿದ್ದರು.

ಆದರೆ ಈಗ ಹೊದಿಕೆ ಸರಿಸಿದರೆ ಕೈ ಮುಷ್ಟಿಗಟ್ಟಿದೆ. ಹೆಬ್ಬೆರಳು ನಾಲ್ಕು ಬೆರಳುಗಳ ಒಳಗೆ ಹುದುಗಿದೆ. ಜವಾನ ಬಿಡಿಸಲು ನೋಡಿದರೆ ಗುತ್ಯಮ್ಮ ನೋವಿಗೆ ಚೀರುತ್ತಾರೆ. ಮಂಜುನಾಥಪ್ಪನವರಿಗೆ ಆಗ ಹೊಳೆಯುತ್ತದೆ. ತಾವು ಬರುವ ಮೊದಲೇ, ದಿನವೂ ಕತ್ತಲೆಯಲ್ಲೇ ಎದ್ದು ಬೆಳ್ಳಮ್ಮ ಬಿಸಿನೀರಿನ ಬಟ್ಟೆ ಸುತ್ತಿ ಆ ಮುಷ್ಟಿಯನ್ನು ಬಿಡಿಸುತ್ತಿದ್ದರು. ಹೊತ್ತು ಏರಿದಂತೆ ಅದು ಮತ್ತೆ ಬಿಗಿದುಕೊಳ್ಳುತ್ತಿತ್ತು. ನಸುಕಿನಲ್ಲಿ ಮಾತ್ರ ಬಂದು ಹೋಗುತ್ತಿದ್ದ ಇವರು ಬಿಡಿಸಿದ ಕೈಯನ್ನಷ್ಟೇ ಕಂಡಿದ್ದರು, ಬಿಡಿಸುವ ಕೈಯನ್ನು ಕಂಡೇ ಇರಲಿಲ್ಲ.

ಅವರು ಈ ಯೋಚನೆಯಲ್ಲಿರುವಾಗ ಒಳ್ಳೆಯ ಮನಸ್ಸಿನ ಕನ್ನಪ್ಪ ಕಿಟಕಿಯಿಂದ ಕೂಗಿಬಿಡುತ್ತಾರೆ. "ಏ ಬೆಳ್ಳಮ್ಮ, ಬಾರೆ ಇಲ್ಲಿ, ನಿನ್ ಚಿಕ್ಕಮ್ಮನ ಕೈ ಬಿಡ್ಸು!"

ಚಿಕ್ಕಮ್ಮ ಚೀರಿದ್ದು ಕೇಳಿ ಆಗಲೇ ಕಂಗಾಲಾಗಿದ್ದ ಬೆಳ್ಳಮ್ಮ ಓಡಿ ಬರುತ್ತಾರೆ. ಮಂಜುನಾಥಪ್ಪ "ಬೇಡ" ಎನ್ನುವಷ್ಟರಲ್ಲಿ ಮಂಡಿಯೂರಿ ಕೂತು, ಕಿರುಬೆರಳಿನಿಂದ ಶುರುಮಾಡಿ ಮುಷ್ಟಿ ಬಿಡಿಸಿ, ಹೆಬ್ಬೆರಳನ್ನು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿಯೇ ಬಿಡುತ್ತಾರೆ. ಊಟ ಮಾಡಿಸುವಾಗ, ಮುಖ ತೊಳೆಸುವಾಗ ಆ ಕೈಯನ್ನು ಹಿಡಿದು ಹಿಡಿದು ಅದು ತಮ್ಮದೇ ಕೈ ಎಂಬಂತಾಗಿದೆ ಅವರಿಗೆ. "ಆತು ನೋಡಿ," ಎಂದು ತಲೆಯೆತ್ತಿ ನಗುತ್ತಾರೆ.

ಯಾರೂ ನಗುವುದಿಲ್ಲ. ಧರ್ಮಪ್ಪ ಎದ್ದು ನಿಂತಿದ್ದಾರೆ. "ನೋಡಿದ್ರಾ ಸ್ವಾಮಿ? ಕೈ ಯಾರದ್ದು, ಒತ್ತಿದೋರು ಯಾರು?"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕುತ್ತಾರೆ. "ಇದನ್ನು ನಾನು ನೋಂದಾಯಿಸಲಾರೆ. ಆಸ್ತಿ ಪಡೆಯುವವರೇ ಕೈ ಹಿಡಿದು ಒತ್ತಿಸಿದ್ದನ್ನು ನಾನೇ ಕಂಡಿದ್ದೇನೆ."

ಬೆಳ್ಳಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ. "ನಾ ಎಂತ ಮಾಡ್ದೆ? ದಿನಾ ಮಾಡದೇ ಅಲ್ದಾ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಾಗಿಲು ದಾಟಿ ಹೋಗುತ್ತಾರೆ. ಚಿಕ್ಕಮ್ಮನನ್ನು ನೋಡಿಕೊಂಡ ಕೈಯಿಂದಲೇ ನನ್ನ ಸೂರನ್ನು ಕೆಡವಿದೆನೆಂಬ ಸಂಕಟ ಅದು.

ಮಂಜುನಾಥಪ್ಪ ವಾದ ಹೂಡುವುದಿಲ್ಲ. "ಸ್ವಾಮಿಗಳು ಹೇಳಿದ್ದು ಸರಿ. ಧರ್ಮಪ್ಪ ಹೇಳಿದ್ದೂ ಸರಿ. ಈ ಪತ್ರ ಬೇಡ, ಇನ್ನೊಂದು ಬರೀತೀನಿ. ಉಯಿಲಿಗೆ ಛಾಪಾ ಕಾಗದ ಬೇಕಿಲ್ವಲ್ಲ, ಬಿಳಿ ಹಾಳೆ ಐತೆ ನನ್ನತ್ರ. ಒಂದು ಗಳಿಗೆ ಕೂತ್ಕಳಿ," ಎನ್ನುತ್ತಾರೆ. ಮರಳಿ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದೆ. ಅಧಿಕಾರಿ ಗಡಿಯಾರ ನೋಡಿಕೊಂಡು ತಲೆಯಾಡಿಸುತ್ತಾರೆ. ಹಳೆಯ ಹಾಳೆಯನ್ನು ಗುತ್ಯಮ್ಮನ ಮುಂದೆ ಹಿಡಿದು ಹರಿಯಲೇ ಎಂದು ಮಂಜುನಾಥಪ್ಪ ಕೇಳುತ್ತಾರೆ. "ಹರಿ," ಎನ್ನುತ್ತಾರೆ ಗುತ್ಯಮ್ಮ. ಚೂರುಗಳು ಬಚ್ಚಲ ಒಲೆ ಸೇರುತ್ತವೆ.

ಮಣೆಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅವರು ಮೊದಲಿನಿಂದ ಬರೆಯುತ್ತಾರೆ. ಗಡಿಬಿಡಿಯಿಲ್ಲ, ಅಕ್ಷರ ಎಂದಿನಂತೆ ದುಂಡಗೆ. ಬರೆದು ಓದಿ ಒಪ್ಪಿಸಿ, ಮಂಚದ ಬಳಿ ಬಗ್ಗುತ್ತಾರೆ. "ಅಮ್ಮಾ, ಈ ಕೈಯನ್ನ ಬೇರೆ ಯಾರೂ ಮುಟ್ಟಂಗಿಲ್ಲ. ನಾನೂ ಮುಟ್ಟದಿಲ್ಲ. ಬಿಡ್ಸೋದೂ ನೀವೇ, ಒತ್ತೋದೂ ನೀವೇ. ಆಗದಿಲ್ಲ ಅಂದ್ರೆ ಇನ್ನೊಂದು ದಿನ ಬರ್ತೀವಿ."

ಇನ್ನೊಂದು ದಿನ ಸಿಗುತ್ತದೆಂದು ಹೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇಲ್ಲ. ಗುತ್ಯಮ್ಮನಿಗೂ ಅದು ಗೊತ್ತು. ಅವರು ಬಲಗೈಯಿಂದ ಏನೋ ಸನ್ನೆ ಮಾಡಿ, "ನೀರು," ಎನ್ನುತ್ತಾರೆ. ಕುಡಿಯುವ ನೀರು ಕೊಟ್ಟರೆ ತಳ್ಳಿಬಿಡುತ್ತಾರೆ. ಬೇಕಾದದ್ದು ಬಿಸಿನೀರು.

ಹೂವಯ್ಯ ಅಧಿಕಾರಿಯ ಮುಖ ನೋಡುತ್ತಾರೆ. "ನೀರಿಗೆ ನನ್ನ ಆಕ್ಷೇಪಣೆಯಿಲ್ಲ. ನೀರು ಯಾರ ಪರವೂ ಸಾಕ್ಷಿ ಹೇಳುವುದಿಲ್ಲ," ಎನ್ನುತ್ತಾರೆ ಅಧಿಕಾರಿ. ಧರ್ಮಪ್ಪನೂ ಬೇಡವೆನ್ನುವುದಿಲ್ಲ. ಬಚ್ಚಲ ಹಂಡೆಯಿಂದ ಹಬೆಯಾಡುವ ನೀರನ್ನು ಹೂವಯ್ಯ ಅಗಲವಾದ ಬೋಗುಣಿಯಲ್ಲಿ ತಂದಿಡುತ್ತಾರೆ.

ಗುತ್ಯಮ್ಮ ಬಲಗೈಯಿಂದ ತಮ್ಮ ಎಡ ಮಣಿಕಟ್ಟನ್ನು ಹಿಡಿಯುತ್ತಾರೆ. ತಮ್ಮದೇ ತೋಳಾದರೂ ಎತ್ತಲು ಭಾರ. ಒಮ್ಮೆ ಜಾರುತ್ತದೆ, ಮತ್ತೆ ಹಿಡಿಯುತ್ತಾರೆ. ಮುಷ್ಟಿ ನೀರಿಗಿಳಿಯುತ್ತದೆ. ಕಣ್ಣು ಮುಚ್ಚಿ ಕಾಯುತ್ತಾರೆ. ಆಮೇಲೆ ಕಿರುಬೆರಳಿಗೆ ಕೈ ಹಾಕುತ್ತಾರೆ, ಬೆಳ್ಳಮ್ಮ ದಿನವೂ ಶುರುಮಾಡುವುದು ಅಲ್ಲಿಂದಲೇ. ಮಲಗಿದಲ್ಲೇ ಅದನ್ನು ಎಷ್ಟು ಬೆಳಗು ನೋಡಿದ್ದಾರೆ! ಒಂದು ಬೆರಳು ಬಿಡಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಮಡಚಿಕೊಳ್ಳುತ್ತದೆ. ಆಗ ಅದನ್ನು ಬೋಗುಣಿಯ ಅಂಚಿಗೆ ಒತ್ತಿ ಹಿಡಿಯುವ ಉಪಾಯ ಹೂಡುತ್ತಾರೆ. ಹಣೆಯಲ್ಲಿ ಬೆವರು, ಕಟವಾಯಿಯಲ್ಲಿ ಜೊಲ್ಲು. ಒರೆಸಲು ಯಾರೂ ಹೋಗುವಂತಿಲ್ಲ. ಕನ್ನಪ್ಪ ತಡೆಯಲಾರದೆ ಗೋಡೆಯ ಕಡೆ ತಿರುಗಿದ್ದಾರೆ. ಮಂಜುನಾಥಪ್ಪ ಎರಡೂ ಕೈಯನ್ನು ಮುಷ್ಟಿಗಟ್ಟಿ ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು ಕೂತ ಜಾಗದಿಂದ ಅಲುಗಿಲ್ಲ.

ಕೊನೆಗೆ ಹೆಬ್ಬೆರಳು ಹೊರಗೆ ಬರುತ್ತದೆ. ಗುತ್ಯಮ್ಮ ಅದನ್ನು ತಮ್ಮ ಸೆರಗಿಗೆ ಒರೆಸುತ್ತಾರೆ, ಬಲಗೈಯಲ್ಲಿ ಹಿಡಿದು ಶಾಯಿಗೆ ಮುಟ್ಟಿಸುತ್ತಾರೆ, ಕಾಗದದ ಮೇಲಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಗುರುತು ಸ್ವಲ್ಪ ಓರೆಯಾಗಿದೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಗೆರೆ ಸ್ಪಷ್ಟವಾಗಿದೆ," ಎನ್ನುತ್ತಾರೆ. ಆಮೇಲೆ ಸಂಕೋಚದಿಂದಲೇ, "ನಮ್ಮ ಪುಸ್ತಕಕ್ಕೆ ಇನ್ನೊಂದು ಬೇಕಲ್ಲಮ್ಮ," ಎನ್ನುತ್ತಾರೆ. ಎಲ್ಲರೂ ಹೌಹಾರುತ್ತಾರೆ. ಗುತ್ಯಮ್ಮ ಮಾತ್ರ ಸೊಟ್ಟ ಬಾಯಲ್ಲಿ ನಕ್ಕು, "ತಾ," ಎನ್ನುತ್ತಾರೆ.

ಎರಡನೆಯದೂ ಆದ ಮೇಲೆ ಅಧಿಕಾರಿ ಹೊಸ್ತಿಲ ಕಡೆ ನೋಡುತ್ತಾರೆ. "ಧರ್ಮಪ್ಪ, ಹೇಳುವುದೇನಾದರೂ ಇದೆಯೇ? ಬರೆದುಕೊಳ್ಳುತ್ತೇನೆ."

ಧರ್ಮಪ್ಪ ತಲೆ ತಗ್ಗಿಸಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಎಂತ ಹೇಳದು ಸ್ವಾಮಿ. ಅವ್ರ ಕೈ ಅವ್ರೇ ಹಿಡ್ಕಂಡಿದಾರೆ," ಎನ್ನುತ್ತಾರೆ. "ದೊಡ್ಡಮ್ಮಾ, ಬತ್ತೀನಿ," ಎಂದು ಅಂಗಳ ಇಳಿಯುತ್ತಾರೆ. ಸಿಟ್ಟು ಪೂರ್ತಿ ಇಳಿದಿದೆಯೆಂದು ಹೇಳಲಾಗದು, ಗದ್ದೆಯ ಆಸೆ ಅಷ್ಟು ಬೇಗ ಬಿಡುವಂಥದ್ದಲ್ಲ. ಆದರೆ ಕೋರ್ಟಿನ ಮಾತು ಅವರ ಬಾಯಲ್ಲಿ ಬರಲಿಲ್ಲ.

ಸಾಕ್ಷಿಗಳ ರುಜು ಮುಗಿಯುತ್ತದೆ, ಅಧಿಕಾರಿಯ ಮೊಹರು ಬೀಳುತ್ತದೆ. ಮಂಜುನಾಥಪ್ಪನವರೇ ಕೊಟ್ಟಿಗೆಗೆ ಹೋಗಿ ಬೆಳ್ಳಮ್ಮನನ್ನು ಕರೆಯುತ್ತಾರೆ. ಎಮ್ಮೆಯ ಕುತ್ತಿಗೆಗೆ ಒರಗಿ ನಿಂತಿದ್ದ ಆ ಹೆಂಗಸು ಕೆಲಸ ಆಯಿತೆಂಬ ಮಾತನ್ನು ನಂಬುವುದೇ ಇಲ್ಲ. ಒಳಗೆ ಬಂದು ಚಿಕ್ಕಮ್ಮನ ಕೈಗೆ ಮೆತ್ತಿದ ಶಾಯಿ ಕಂಡು, ಅಭ್ಯಾಸದಂತೆ ಒದ್ದೆ ಬಟ್ಟೆ ತಂದು ಒರೆಸಲು ಕೂರುತ್ತಾರೆ. ಗುತ್ಯಮ್ಮ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, "ಬ್ಯಾಡ... ಇರ್ಲಿ," ಎನ್ನುತ್ತಾರೆ. ಬೆಳ್ಳಮ್ಮನಿಗೆ ನಗು ಅಳು ಎರಡೂ ಒಟ್ಟಿಗೆ ಬರುತ್ತವೆ.

ಬಸ್ಸಿಗೆ ನಡೆಯುವ ಗದ್ದೆಯಂಚಿನಲ್ಲಿ ಅಧಿಕಾರಿ, ಜವಾನ ಮುಂದೆ ಹೋಗಿದ್ದಾರೆ. ಮಂಡಿ ನೋವಿನ ಮಂಜುನಾಥಪ್ಪ ಹಿಂದೆ ಉಳಿದಿದ್ದಾರೆ. ಇಷ್ಟು ವರ್ಷದಲ್ಲಿ ಬರೆದ ಪತ್ರಗಳಲ್ಲಿ ಹೆಮ್ಮೆಯದ್ದು ಯಾವುದು ಎಂದು ಕೇಳಿದರೆ, ಆಗ ಕಂಕುಳಲ್ಲಿ ಅವುಚಿಕೊಂಡಿದ್ದ ಕೈಗಳನ್ನು ಬಿಡಿಸಿ ಒಮ್ಮೆ ನೋಡಿಕೊಳ್ಳುತ್ತಾರೆ. ಉಗುರು ಊರಿದ ಗುರುತು ಇನ್ನೂ ಅಂಗೈಯಲ್ಲಿ ಕೆಂಪಗಿದೆ.

"ಬರಿಯೋದು ಬಿಡಿ, ಅದು ಯಾರಿಗಾದ್ರೂ ಬರ್ತದೆ. ಆ ಅಮ್ಮ ಬೆರಳು ಬಿಡಿಸ್ತಾ ಇರ್ಬೇಕಾದ್ರೆ ನಾನು ಕೈ ಕಟ್ಕಂಡು ಕೂತಿದ್ನಲ್ಲ, ಅದನ್ನ ಕಲಿಯಕ್ಕೆ ನಂಗೆ ಮೂವತ್ತು ವರ್ಷ ಬೇಕಾತು."